ಮುಚ್ಚಿದ ಗಣಿಯ ಲೆಕ್ಕ

ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ 2009ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ಸಮಾಜ ಪರಿವರ್ತನ ಸಮುದಾಯ. ಆ ಸಂಘಟನೆ ಹೋರಾಟ ಕಲಿತದ್ದು ರಾಣೆಬೆನ್ನೂರು ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲಿ. 1984ರ ಸುಮಾರಿಗೆ ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ಹೊಲಸು ನೀರು ಹೊಳೆ ಸೇರಿ ಮೀನು ಸತ್ತಾಗ, ಸಂಘಟನೆಯ ಎಸ್.ಆರ್. ಹಿರೇಮಠ ಮತ್ತು ಗೆಳೆಯರು ದಂಡೆಯ ಹಳ್ಳಿಗರನ್ನು ಕೂಡಿಸಿಕೊಂಡು ನಿಂತರು. 1987ರಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನೀಲಗಿರಿ ಕಿತ್ತು ಊರಿಗೆ ಬೇಕಾದ ಸಸಿ ನೆಟ್ಟ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹವೂ ಅವರದೇ. ಆಗ ನೀರು, ನೆಲ ಕೆಡಿಸಿದವರು ಕಣ್ಣೆದುರಿಗೆ ಇದ್ದರು. ಪಾಳುಗಣಿಯಲ್ಲಿ ಆ ಅನುಕೂಲವೂ ಇರುವುದಿಲ್ಲ. ಮಾಲೀಕ ಹೋಗಿರುತ್ತಾನೆ, ದೂಳು ಉಳಿದಿರುತ್ತದೆ.

ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ನಿಂತಿತು. ನೂರಕ್ಕೂ ಹೆಚ್ಚು ವರ್ಷ ಅರೆದ ಕಲ್ಲಿನ ಪುಡಿ 13 ದಿಬ್ಬಗಳಾಗಿ ಉಳಿಯಿತು, ತೂಕ 3 ಕೋಟಿ ಟನ್‌ಗೂ ಮೇಲೆ. ಜನ ಅವನ್ನು ಸೈನೈಡ್ ದಿಬ್ಬ ಎನ್ನುತ್ತಾರೆ. ಸೈನೈಡ್ ಬಿಸಿಲಿಗೆ ಬಹುಮಟ್ಟಿಗೆ ಒಡೆದುಹೋಗುತ್ತದೆ. ಬಹುಕಾಲ ಕಾಡುವುದು ಗಾಳಿಗೇಳುವ ಸಿಲಿಕಾ ದೂಳು, ಭಾರಲೋಹ, ಸಲ್ಫೈಡ್ ಕಲ್ಲು ಮಳೆಗೆ ನೆನೆದು ಹುಟ್ಟುವ ಆಮ್ಲ. ಗಣಿ ಮುಚ್ಚುವ ಯೋಜನೆಯನ್ನೂ ಅದಕ್ಕೆ ಹಣದ ಭದ್ರತೆಯನ್ನೂ ಕಡ್ಡಾಯ ಮಾಡಿದ ಕೇಂದ್ರದ ನಿಯಮ ಬಂದದ್ದು 2003ರಲ್ಲಿ. ಕೋಲಾರಕ್ಕೆ ಅದು ತಡವಾಗಿತ್ತು. 2024ರಲ್ಲಿ ರಾಜ್ಯ ಸಚಿವ ಸಂಪುಟ ಆ ದಿಬ್ಬಗಳನ್ನು ಮತ್ತೆ ಸೋಸಲು ಒಪ್ಪಿತು, ಉಳಿದ ಚಿನ್ನದ ಆಸೆಗೆ. ಊರವರ ಕೆಮ್ಮಿಗೆ ಅಷ್ಟು ಬಲ ಇರಲಿಲ್ಲ.

ಕುದುರೆಮುಖದ ಕಬ್ಬಿಣದ ಗಣಿ ನಮ್ಮ ಹಾವೇರಿ ಜಿಲ್ಲೆಗೆ ಇನ್ನೂ ಹತ್ತಿರ. ಆ ಗಣಿಯ ಹೂಳು ಇಳಿದದ್ದು ಭದ್ರೆಗೆ, ಭದ್ರೆಯ ನೀರು ಬರುವುದು ನಮ್ಮ ತುಂಗಭದ್ರೆಗೆ. 2002ರ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದ ಗಣಿ ಕೆಸರು ಮಾತ್ರ ಅಲ್ಲೇ ಇದೆ. ಆ ಕಟ್ಟೆ ಕಾಯುವ ಕೆಲಸಕ್ಕೆ ಕೊನೆಯ ದಿನಾಂಕ ಇಲ್ಲ.

ನಿಜವಾದ ಪಾಠಶಾಲೆಯೆಂದರೆ ಬಳ್ಳಾರಿ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತರುವ ಆ ಸೀಮೆಯಲ್ಲಿ ಲಾರಿಗಳ ಕೆಂಪು ದೂಳು ಬೆಳೆಯ ಮೇಲೆ ಕೂತ ಕಾಲವದು. 2011ರ ಜುಲೈ 29ರಂದು ಅಲ್ಲಿನ ಗಣಿಗಾರಿಕೆ ನಿಲ್ಲಿಸಿದ ಸುಪ್ರೀಂ ಕೋರ್ಟ್, ಗಣಿಗಳನ್ನು ಅಕ್ರಮದ ಪ್ರಮಾಣದಂತೆ ಎ, ಬಿ, ಸಿ ಎಂದು ವಿಂಗಡಿಸಿ 2013ರಲ್ಲಿ ಸಿ ಗುಂಪಿನ ಗುತ್ತಿಗೆಗಳನ್ನು ರದ್ದುಮಾಡಿತು. ಉಳಿದವರು ಪುನಶ್ಚೇತನ ಯೋಜನೆಗೆ ಒಳಪಡಬೇಕಾಯಿತು. ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ನಾರಿನ ಚಾಪೆ ಹೊದಿಸುವುದು, ಬುಡಕ್ಕೆ ತಡೆಗೋಡೆ, ಸುತ್ತ ಚರಂಡಿ, ಹಳ್ಳಕ್ಕೆ ಚೆಕ್ ಡ್ಯಾಂ, ಮೇಲೆ ಹುಲ್ಲು, ಗಿಡ. ಇವುಗಳಲ್ಲಿ ಯಾವುದೂ ಹೊಸ ವಿದ್ಯೆಯಲ್ಲ. ಹೊಸದೆಂದರೆ ಖರ್ಚು ಗಣಿಯವರ ತಲೆಯ ಮೇಲೆ ಬಂದದ್ದು. ಕೂಡಿದ ಹಣ ಬಳಸಲು ರಾಜ್ಯ ಸರ್ಕಾರ ಗಣಿ ಪರಿಸರ ಪುನಶ್ಚೇತನ ನಿಗಮ ಕಟ್ಟಿತು; ಯೋಜನೆಯ ಮೊತ್ತ 20 ಸಾವಿರ ಕೋಟಿ ರೂಪಾಯಿಗೂ ಮಿಕ್ಕದ್ದು. ಅದರಲ್ಲಿ ರಸ್ತೆ, ರೈಲು, ಆಸ್ಪತ್ರೆಗಳೂ ಸೇರಿವೆ. ಹಳ್ಳಿಗಳಿಗೆ ಅವು ಬೇಕು, ನಿಜ. ಆದರೆ ಅಗೆದ ಗುಡ್ಡದ ರಿಪೇರಿ ಕಾಮಗಾರಿಗಳ ಸಂತೆಯಲ್ಲಿ ಕಳೆದುಹೋದೀತೆಂಬ ಅನುಮಾನ ನನ್ನದು.

ನಮ್ಮ ಜಿಲ್ಲೆಯ ಕಲ್ಲು ಕ್ವಾರಿ, ಮರಳಿನ ಗುಂಡಿಗಳಿಗೆ ಗಣಿ ಮುಚ್ಚುವ ಕೇಂದ್ರದ ನಿಯಮ ತಗಲುವುದಿಲ್ಲ. ಅವು ಉಪಖನಿಜ, ರಾಜ್ಯದ ನಿಯಮಕ್ಕೆ ಸೇರಿದವು. ಗುಂಡಿ ಚಿಕ್ಕದೆಂದು ಲೆಕ್ಕವೂ ಚಿಕ್ಕದಾಗಿದೆ.

ಹಾವೇರಿ ತಾಲ್ಲೂಕಿನ ಗಣಜೂರಿನ ಮಾತು ಬೇರೆ. ಅಲ್ಲಿ ಚಿನ್ನದ ನಿಕ್ಷೇಪ ಗುರುತಾಗಿ, ಗಣಿ ಗುತ್ತಿಗೆಗೆ ಅರ್ಜಿಯೂ ಬಿದ್ದಿತ್ತು. ಚಿನ್ನದ ಅದಿರೆಂದರೆ ಸಾಮಾನ್ಯವಾಗಿ ಸೈನೈಡ್, ಸೈನೈಡ್ ಎಂದರೆ ಕೆಸರು ಕಟ್ಟೆ. ಆ ಸೀಮೆಯಲ್ಲೇ ವರದಾ ಹರಿಯುತ್ತಾಳೆ. ಮುಂದೆ ಅಲ್ಲಿ ಅಗೆಯಲು ಯಾರೇ ಬರಲಿ, ಎಷ್ಟು ಮಂದಿಗೆ ಕೆಲಸ ಎಂದು ಕೇಳುವಾಗಲೇ ಕಟ್ಟೆ ಎಲ್ಲಿ, ಠೇವಣಿ ಎಷ್ಟು, ಗಣಿ ಮುಚ್ಚಿದ ಮೇಲೆ ಬೋರ್‌ವೆಲ್ ನೀರಿನ ಪರೀಕ್ಷೆಗೆ ದುಡ್ಡು ಕೊಡುವವರು ಯಾರು ಎಂದೂ ಗ್ರಾಮಸಭೆ ಬರೆಸಿಕೊಳ್ಳಬೇಕು.