ಮಳೆಗಾಲದ ತಲೆಗೆ ಕಟ್ಟಿದ ತಪ್ಪು

ಕಾಡತೂಸು ಅಂದ ತಕ್ಷಣ ನಮಗೆ ನೆನಪಾಗೋದು 1857. ಹಸು-ಹಂದಿ ಕೊಬ್ಬಿನ ಸುದ್ದಿ, ಸಿಪಾಯಿಗಳ ಸಿಟ್ಟು. ಆದರೆ ಅದು ಕಾಗದದ ಕಾಡತೂಸು. ನಾನು ಹೇಳಹೊರಟಿರೋದು ಆಮೇಲೆ ಬಂದ ಹಿತ್ತಾಳೆ ಕಾಡತೂಸಿನ ಕಥೆ. ಇದು ಪೆಟ್ಟಿಗೆಯೊಳಗೆ ಕೂತಲ್ಲೇ ತಾನಾಗಿ ಸೀಳಿಕೊಳ್ತಿತ್ತು!

19ನೇ ಶತಮಾನದ ಬ್ರಿಟಿಷ್ ಭಾರತ. ಮಳೆಗಾಲದಲ್ಲಿ ಸೈನ್ಯ ಕಾಡತೂಸಿನ ದಾಸ್ತಾನನ್ನ ಕುದುರೆ ಲಾಯಗಳಲ್ಲಿ ಇಡ್ತಿತ್ತು. ಮಳೆ ಕಳೆದು ತೆಗೆದು ನೋಡಿದ್ರೆ ಹಿತ್ತಾಳೆಯ ಮೈಮೇಲೆ ಬಿರುಕು. ಯಾರೂ ಮುಟ್ಟಿಲ್ಲ, ಗುಂಡು ಹಾರಿಸಿಲ್ಲ. ಇದನ್ನ ಗಮನಿಸದೆ ಬಂದೂಕಿಗೆ ತುಂಬಿದ್ರೆ? ಮುಂದಕ್ಕೆ ನುಗ್ಗಬೇಕಾದ ಬಿಸಿ ಅನಿಲ ಬಿರುಕಿನಿಂದ ಹಿಂದಕ್ಕೆ, ಹಾರಿಸಿದವನ ಮುಖದ ಕಡೆಗೇ ಬರಬಹುದು.

ಇದಕ್ಕೆ ಇಂಗ್ಲಿಷರು ಇಟ್ಟ ಹೆಸರು 'ಸೀಸನ್ ಕ್ರ್ಯಾಕಿಂಗ್'. ಅಂದ್ರೆ ತಪ್ಪು ಮಳೆಗಾಲದ್ದಂತೆ!

ನಿಜವಾದ ಕಾರಣ ಸ್ಪಷ್ಟವಾಗಿ ಹೊರಬಿದ್ದದ್ದು 1921ರಲ್ಲಿ, ಮೂರ್ ಮತ್ತು ಬೆಕಿನ್‌ಸೇಲ್ ಅನ್ನೋ ಲೋಹತಜ್ಞರ ಅಧ್ಯಯನದಿಂದ. ಕುದುರೆ ಉಚ್ಚೆಯಿಂದ ಏಳೋ ಅಮೋನಿಯಾ, ತೇವದ ಗಾಳಿಯಲ್ಲಿ ಹಿತ್ತಾಳೆಯ ತಾಮ್ರವನ್ನ ತಿನ್ನುತ್ತೆ. ಆದರೆ ಅಮೋನಿಯಾ ಒಂದೇ ಅಪರಾಧಿ ಅಲ್ಲ. ಕಾಡತೂಸಿನ ಹಿತ್ತಾಳೆಯಲ್ಲಿ ಸುಮಾರು 70 ಭಾಗ ತಾಮ್ರ, 30 ಭಾಗ ಸತು. ಅದರ ಬಿಲ್ಲೆಯನ್ನ ತಣ್ಣಗಿರುವಾಗಲೇ ಒತ್ತಿ, ಎಳೆದು ಕೊಳವೆ ಮಾಡ್ತಾರೆ. ಎಳೆದ ಬಿಗಿತ ಲೋಹದೊಳಗೇ ಉಳಿಯುತ್ತೆ. ಒಳಗೆ ಬಿಗಿತ, ಹೊರಗೆ ಅಮೋನಿಯಾ, ಎರಡೂ ಸೇರಿದಾಗ ಮಾತ್ರ ಸೀಳು. ಮದ್ದು ಸರಳ: ತಯಾರಿಸಿದ ಮೇಲೆ ಹದವಾಗಿ ಕಾಯಿಸಿ ಬಿಗಿತ ಸಡಿಲಿಸೋದು.

ಈ ಪಾಠ ಇವತ್ತಿಗೂ ಬೇಕು. ಅಮೆರಿಕದಲ್ಲಿ ಹಾರಿಸಿದ ಖಾಲಿ ಕೋಶಗಳನ್ನ ತೊಳೆದು, ಮತ್ತೆ ಮದ್ದು ತುಂಬೋ ಹವ್ಯಾಸಿಗಳು ಬಹಳ. ದೀಪ, ಚೊಂಬು ಫಳಫಳ ಹೊಳೆಸೋ ಅಮೋನಿಯಾ ಪಾಲಿಶನ್ನ ಅವರು ಕೋಶಕ್ಕೆ ಬಳಸಲ್ಲ. ಒಣ ಜೋಳದ ದಿಂಡಿನ ಪುಡಿಯಲ್ಲೋ, ಅಕ್ರೋಟು ಚಿಪ್ಪಿನ ಪುಡಿಯಲ್ಲೋ ಹಾಕಿ ಉರುಳಿಸ್ತಾರೆ. ಇಲ್ಲಾ, ನಿಂಬೆಯಲ್ಲಿರೋ ಸಿಟ್ರಿಕ್ ಆಮ್ಲದ ತೆಳು ನೀರಲ್ಲಿ ತೊಳೀತಾರೆ. ನಮ್ಮ ಅಜ್ಜಿಯರು ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರಲ್ಲ, ಹುಳಿಯ ಕೆಲಸ ಅಲ್ಲೂ ಅದೇ.

ಇನ್ನೊಂದು ವಿಷಯ. ಅಮೆರಿಕ ಸೇನೆಯ ಹಿತ್ತಾಳೆ ರೈಫಲ್ ಕಾಡತೂಸು ನೋಡಿದ್ರೆ ಕತ್ತಿನ ಹತ್ತಿರ ನೀಲಿ-ಕಂದು ಕಲೆ ಕಾಣುತ್ತೆ. ಕೊಳೆ ಅಂದ್ಕೋಬೇಡಿ. ಕತ್ತನ್ನ ಕಾಯಿಸಿ ಹದ ಮಾಡಿದ ಗುರುತು ಅದು. ಕಣ್ಣಿಗೆ ಕಾಣಲಿ ಅಂತಲೇ ಉಜ್ಜದೆ ಬಿಟ್ಟಿರ್ತಾರೆ.