ಚಳಿ ಹೋಯಿತು ಅಂದುಕೊಂಡ ಮೇಲೆ

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಎಂಬ ಮಾತನ್ನು ಕೇಳಿಕೊಂಡೇ ಬೆಳೆದವಳು ನಾನು. ದೆಹಲಿಗೆ ಬಂದ ಮೊದಲ ವರ್ಷ ಅದನ್ನೇ ನಂಬಿ ರಜಾಯಿಯನ್ನು ಬಿಸಿಲಿಗೆ ಹಾಕಿ, ಮಡಚಿ, ಅಟ್ಟಕ್ಕೆ ಏರಿಸಿಬಿಟ್ಟೆ. ಅದೇ ವಾರ ಮಳೆ, ಆಲಿಕಲ್ಲು, ಮತ್ತೆ ಸ್ವೆಟರು. ಮನೆಯ ಮಾಲಕಿ ನಕ್ಕು, ಹೋಳಿ ಮುಗಿಯುವವರೆಗೆ ಕಾಯಬೇಕಿತ್ತು ಅಂದರು. ಹವಾಮಾನ ಇಲಾಖೆಯವರು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎಂದು ಕರೆಯುವ, ಮೆಡಿಟರೇನಿಯನ್ ದಿಕ್ಕಿನಿಂದ ಬರುವ ಆ ಅತಿಥಿಗೆ ನಮ್ಮ ಗಾದೆ ಗೊತ್ತಿರಲಿಲ್ಲ.

ಈ ಸಂಗತಿ ಮತ್ತೆ ನೆನಪಾದದ್ದು ಹೋದ ವರ್ಷ ಒಂದು ಅನುವಾದದ ಕೆಲಸದಲ್ಲಿ. ಮಕ್ಕಳ ಪುಸ್ತಕವೊಂದರ ಮೂರನೆಯ ಪುಟದಲ್ಲೇ ಬ್ಲಿಝರ್ಡ್ ಎಂಬ ಪದ ಬಂದು ಕೂತಿತ್ತು. ಕನ್ನಡಕ್ಕೆ ಹೇಗೆ ತರುವುದು? ಮಂಜು ಎಂದರೆ ನಮಗೆ ಮಡಿಕೇರಿಯ ಬೆಳಗೂ ಹೌದು, ಹಿಮಾಲಯದ ಶಿಖರವೂ ಹೌದು. ಕೆಲವರಿಗೆ ಹುಲ್ಲಿನ ಮೇಲಿನ ಇಬ್ಬನಿಯೂ ಹೌದು. ನೀರೂ ಹೆಪ್ಪುಗಟ್ಟುತ್ತದೆ, ಮೊಸರೂ ಹೆಪ್ಪುಗಟ್ಟುತ್ತದೆ. ಬೇಕಿಲ್ಲದ್ದಕ್ಕೆ ಭಾಷೆ ಪದ ಮಾಡಿಟ್ಟುಕೊಳ್ಳುವುದಿಲ್ಲ, ಅದು ಅದರ ತಪ್ಪಲ್ಲ. ಹಿಮಬಿರುಗಾಳಿ ಎಂದು ಬರೆದು, ಸಮಾಧಾನವಾಗದೆ ಆ ಇಂಗ್ಲಿಷ್ ಪದದ ಹಿಂದೆ ಬಿದ್ದೆ. ಅದು ನನ್ನನ್ನು 1888ರ ಮಾರ್ಚ್ ತಿಂಗಳ ನ್ಯೂಯಾರ್ಕಿಗೆ ಕರೆದುಕೊಂಡು ಹೋಯಿತು.

ಆ ವರ್ಷದ ಮಾರ್ಚ್ 10, ಶನಿವಾರ. ನ್ಯೂಯಾರ್ಕಿನಲ್ಲಿ 10 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಹಿತವಾದ ಹವೆ. ದೆಹಲಿಯವರಿಗೆ ಅದು ಕೊರೆಯುವ ಚಳಿ, ಅಲ್ಲಿಯವರಿಗೆ ವಸಂತದ ಬಾಗಿಲು. ಆಗ ಹವಾಮಾನ ನೋಡುವ ಕೆಲಸ ಸೈನ್ಯದ್ದು. ಸಿಗ್ನಲ್ ಸರ್ವಿಸ್ ಎಂಬ ವಿಭಾಗದ ವೀಕ್ಷಕರು ದೇಶದ ಉದ್ದಗಲಕ್ಕೂ ಏಕಕಾಲದಲ್ಲಿ ಒತ್ತಡ, ಉಷ್ಣಾಂಶ, ಗಾಳಿಯನ್ನು ಅಳೆದು ತಂತಿಯ ಮೂಲಕ ವಾಷಿಂಗ್ಟನ್ನಿಗೆ ಕಳಿಸುತ್ತಿದ್ದರು. ಅಲ್ಲಿ ನಕ್ಷೆ ಬರೆದು ಮುಂದಿನ ಸ್ಥಿತಿಯನ್ನು ಊಹಿಸುತ್ತಿದ್ದರು. ಅಟ್ಲಾಂಟಿಕ್ ತೀರಕ್ಕೆ ಆ ವಾರಾಂತ್ಯ ಅವರು ಹೇಳಿದ್ದು ಇಷ್ಟು: ಸ್ವಲ್ಪ ಮಳೆ, ಆಮೇಲೆ ಸೋಮವಾರ ತುಸು ತಂಪು, ಆಕಾಶ ನಿರ್ಮಲ.

ಇಲ್ಲಿ ಪದಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಮೆರಿಕದ ಈ ಸೇವೆ ತನ್ನ ಊಹೆಗಳನ್ನು ಮೊದಲು ಪ್ರಾಬಬಿಲಿಟೀಸ್, ಅಂದರೆ ಸಂಭವಗಳು ಎಂದು ಕರೆಯುತ್ತಿತ್ತು. 1876ರಲ್ಲಿ ಅದು ಇಂಡಿಕೇಷನ್ಸ್, ಸೂಚನೆಗಳು, ಆಯಿತು. ಫೋರ್‌ಕಾಸ್ಟ್ ಎಂಬ ಗಟ್ಟಿ ಪದವನ್ನು ಅಧಿಕೃತವಾಗಿ ಬಳಸತೊಡಗಿದ್ದು 1889ರಲ್ಲಿ. ಅಂದರೆ ನಾನು ಹೇಳುತ್ತಿರುವ ಈ ದೊಡ್ಡ ಸೋಲಿನ ಮರುವರ್ಷ! ನಾವು ಕನ್ನಡದವರು ನೇರವಾಗಿ ಮುನ್ಸೂಚನೆ ಎಂದುಕೊಂಡೆವು. ಅದರಲ್ಲಿ ಸೂಚನೆಯ ಅಳುಕು ಇನ್ನೂ ಉಳಿದಿದೆ. ರೇಡಿಯೊದ 'ಅಲ್ಲಲ್ಲಿ ಸಾಧಾರಣ ಮಳೆ'ಯ ಹಾಗೆ, ಎಲ್ಲಿ ಎಂದು ಕೇಳಬಾರದು.

ನಕ್ಷೆಯಲ್ಲಿ ಕಂಡದ್ದೇನೋ ಸರಿಯಾಗಿಯೇ ಇತ್ತು. ಪಶ್ಚಿಮದಿಂದ ಪೂರ್ವಕ್ಕೆ ವಾಯುಭಾರ ಕುಸಿತದ ಒಂದು ಉದ್ದನೆಯ ಪಟ್ಟಿ ಸರಿಯುತ್ತಿತ್ತು. ಅದರ ಹಿಂದೆ ಕೆನಡಾದ ಕಡೆಯಿಂದ ಕೊರೆಯುವ ಗಾಳಿ. ಎಲ್ಲವೂ ಸಮುದ್ರಕ್ಕೆ ಹೋಗಿ ಕರಗುತ್ತದೆ ಎಂಬುದು ಲೆಕ್ಕ. ಆದರೆ ಚಳಿಗಾಲದ ಕೊನೆಯಲ್ಲಿ ಆ ತೀರದ ಲೆಕ್ಕವೇ ಬೇರೆ. ದಕ್ಷಿಣದ ನೆಲ ಬೆಚ್ಚಗಾಗಿರುತ್ತದೆ, ಉತ್ತರ ಇನ್ನೂ ಹೆಪ್ಪುಗಟ್ಟಿರುತ್ತದೆ, ತೀರದಾಚೆ ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹ ಹರಿಯುತ್ತಿರುತ್ತದೆ. ಇಷ್ಟು ವ್ಯತ್ಯಾಸದ ಎರಡು ಗಾಳಿಗಳು ಒಂದನ್ನೊಂದು ಒತ್ತಿದರೆ ಬಿರುಗಾಳಿಗೆ ಬೇಕಾದ ಶಕ್ತಿ ಅಲ್ಲೇ ಸಿಗುತ್ತದೆ. ಪಟ್ಟಿಯ ದಕ್ಷಿಣದ ತುದಿ ಕಡಲಿಗೆ ಇಳಿದೊಡನೆ ಆಳವಾಯಿತು, ಉತ್ತರಕ್ಕೆ ತಿರುಗಿತು, ನ್ಯೂ ಇಂಗ್ಲೆಂಡಿನ ದಕ್ಷಿಣಕ್ಕೆ ಬಂದು ಮುಂದೆ ಸಾಗದೆ ನಿಂತುಬಿಟ್ಟಿತು.

ನ್ಯೂಯಾರ್ಕಿನ ಹವಾಮಾನ ಕಚೇರಿ ಭಾನುವಾರ ಸಂಜೆಯವರೆಗೆ ಮುಚ್ಚಿತ್ತು, ವಾರದ ಪವಿತ್ರ ದಿನದ ರಜೆ. ಈ ಕತೆ ಹೇಳುವ ಎಲ್ಲರೂ ಇಲ್ಲಿ ತುಟಿಯಂಚಿನಲ್ಲಿ ನಗುತ್ತಾರೆ. ನನಗೆ ಆ ನಗು ಅನ್ಯಾಯ ಅನ್ನಿಸುತ್ತದೆ. ಕಚೇರಿ ತೆರೆದಿದ್ದರೂ ಏನು ಮಾಡುತ್ತಿದ್ದರು? ಬಿರುಗಾಳಿ ಬೆಳೆದದ್ದು ಸಮುದ್ರದ ಮೇಲೆ. ಅಲ್ಲಿ ವೀಕ್ಷಕರಿಲ್ಲ, ಹಡಗುಗಳಿಗೆ ನಿಸ್ತಂತು ಇನ್ನೂ ಬಂದಿರಲಿಲ್ಲ. ನೆಲದ ಮೇಲಿನ ಸುದ್ದಿಯೂ ನಿಂತಿತು, ಏಕೆಂದರೆ ಒದ್ದೆ ಹಿಮದ ಭಾರಕ್ಕೆ ಭಾನುವಾರ ರಾತ್ರಿಯೇ ವಾಷಿಂಗ್ಟನ್ನಿನ ತಂತಿಗಳು ಕಡಿದುಬಿದ್ದವು. ಎಚ್ಚರಿಸಬೇಕಾದವರಿಗೇ ಯಾವ ಸಂದೇಶವೂ ತಲುಪುತ್ತಿರಲಿಲ್ಲ. ಆಗ ಈ ಸೇವೆಯ ಮುಖ್ಯಸ್ಥ ಅಡಾಲ್ಫಸ್ ಗ್ರೀಲಿ. ಕೆಲವೇ ವರ್ಷಗಳ ಹಿಂದೆ ಉತ್ತರ ಧ್ರುವದ ಕಡೆಗೆ 25 ಜನರ ತಂಡದೊಡನೆ ಹೋಗಿ, ಹಸಿವು ಮತ್ತು ಚಳಿಗೆ ಸಿಕ್ಕಿ, ಬದುಕಿ ಮರಳಿದ ಆರು ಮಂದಿಯಲ್ಲಿ ಒಬ್ಬ. ಹಿಮದ ಬಗ್ಗೆ ಅವನಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ನಡುರಾತ್ರಿ ದಾಟುತ್ತಿದ್ದಂತೆ ನ್ಯೂಯಾರ್ಕಿನ ಮಳೆ ಹಿಮವಾಯಿತು. ಬೆಳಗಾಗುವ ಹೊತ್ತಿಗೆ ಬಾಗಿಲು ತೆರೆಯಲಾಗದಷ್ಟು. ನಗರದಲ್ಲಿ ಒಟ್ಟು ಬಿದ್ದದ್ದು 21 ಇಂಚು. ಉತ್ತರಕ್ಕೆ ಆಲ್ಬನಿಯಲ್ಲಿ, ಪೂರ್ವಕ್ಕೆ ನ್ಯೂ ಹೇವನ್‌ನಲ್ಲಿ 40 ಇಂಚಿಗೂ ಮಿಕ್ಕಿ. ಗಾಳಿ ಅದನ್ನು ಗುಡಿಸಿ ಗುಡ್ಡೆ ಹಾಕಿದ ಕಡೆ ಮೊದಲ ಮಹಡಿಯ ಕಿಟಕಿಗಳೂ ಮುಚ್ಚಿಹೋದವು. ಮಂಗಳವಾರದ ಉಷ್ಣಾಂಶ ಶೂನ್ಯಕ್ಕಿಂತ 14 ಡಿಗ್ರಿ ಕೆಳಗೆ.

ಆದರೂ ಸೋಮವಾರ ಬೆಳಿಗ್ಗೆ ಸಾವಿರಾರು ಜನ ಕೆಲಸಕ್ಕೆ ಹೊರಟರು. ಯಾಕೆ? ಕಾರ್ಖಾನೆ ಮುಚ್ಚಿದೆ ಎಂದು ತಿಳಿಸುವವರಿಲ್ಲ. ತೆರೆದಿದ್ದು ತಾವು ಹೋಗದಿದ್ದರೆ ಆ ದಿನದ ಕೂಲಿ ಇಲ್ಲ, ಬಹುಶಃ ಕೆಲಸವೇ ಇಲ್ಲ. ಷೇರುಪೇಟೆಗೆ ಬೆರಳೆಣಿಕೆಯ ದಲ್ಲಾಳಿಗಳು ಬಂದರು. ಅವರಿಗೆ ಮನೆಯಲ್ಲಿ ಕೂರುವ ಅನುಕೂಲವಿತ್ತು. ಅಂಗಡಿ, ಹೊಲಿಗೆಮನೆಗಳ ಹುಡುಗಿಯರು ಮಾತ್ರ ನಡೆದೇ ಹೊರಟರು. 2005ರ ಜುಲೈ 26 ನೆನಪಿರುವ ಮುಂಬೈ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎತ್ತರದ ಕಂಬಗಳ ಮೇಲೆ ಓಡುವ ರೈಲುಗಳು ಹಳಿಯ ಮೇಲೇ ನಿಂತವು. ಸಾವಿರಾರು ಪ್ರಯಾಣಿಕರು ಗಾಳಿಯಲ್ಲಿ ತೂಗುತ್ತ ಗಂಟೆಗಟ್ಟಲೆ ಕುಳಿತರು. ಏಣಿ ತಂದವರು ಕೆಳಗಿಳಿಸಲು ತಲೆಗಿಷ್ಟು ಎಂದು ಹಣ ವಸೂಲಿ ಮಾಡಿದರು. ಬಾರ್ನಮ್‌ನ ಸರ್ಕಸ್ ಮಾತ್ರ ಆ ಸಂಜೆ ಖಾಲಿ ಕುರ್ಚಿಗಳ ಮುಂದೆ ಆಟ ನಡೆಸಿತಂತೆ.

ಕೂಲಿಯ ಹಂಗಿಲ್ಲದವನೊಬ್ಬನ ಕತೆಯೂ ಇದೆ. ರೋಸ್ಕೋ ಕಾಂಕ್ಲಿಂಗ್, ನ್ಯೂಯಾರ್ಕಿನ ಮಾಜಿ ಸೆನೆಟರ್, ಒಂದು ಕಾಲದಲ್ಲಿ ಅಧ್ಯಕ್ಷರನ್ನೇ ಎದುರುಹಾಕಿಕೊಂಡ ಮನುಷ್ಯ, ವಯಸ್ಸು 58. ಸೋಮವಾರ ಸಂಜೆ ವಾಲ್ ಸ್ಟ್ರೀಟಿನ ಕಚೇರಿಯಿಂದ ಹೊರಬಿದ್ದಾಗ ಗಾಡಿಯವನು 50 ಡಾಲರ್ ಕೇಳಿದ. ಇವನು ಸಿಟ್ಟಿಗೆದ್ದು ನಡೆದೇ ಹೊರಟ. ಯೂನಿಯನ್ ಸ್ಕ್ವೇರ್ ಹತ್ತಿರ ಎದೆಮಟ್ಟದ ಹಿಮದಲ್ಲಿ ಹೂತುಕೊಂಡು, ಹೇಗೋ ಬಿಡಿಸಿಕೊಂಡು, ಮೂರು ಗಂಟೆಯ ನಂತರ ಮ್ಯಾಡಿಸನ್ ಸ್ಕ್ವೇರಿನ ತನ್ನ ಕ್ಲಬ್ಬಿನ ಬಾಗಿಲಲ್ಲಿ ಕುಸಿದ. ಅಲ್ಲಿಂದ ಚೇತರಿಸಿಕೊಳ್ಳಲೇ ಇಲ್ಲ. ಏಪ್ರಿಲ್ 18ರಂದು ತೀರಿಕೊಂಡ. ಪತ್ರಿಕೆಗಳು ಅವನ ಬಗ್ಗೆ ಕಾಲಂಗಟ್ಟಲೆ ಬರೆದವು. ಒಟ್ಟು ಸತ್ತವರು ಸುಮಾರು 400 ಎಂದು ಅಂದಾಜು, ಅರ್ಧದಷ್ಟು ನ್ಯೂಯಾರ್ಕ್ ನಗರದಲ್ಲೇ. ಸಮುದ್ರದಲ್ಲಿ ಸುಮಾರು 200 ಹಡಗುಗಳು ಒಡೆದವು ಇಲ್ಲವೆ ದಡಕ್ಕೆ ಬಡಿದವು.

ಬಾಸ್ಟನ್ ಮತ್ತು ನ್ಯೂಯಾರ್ಕ್ ನಡುವೆ ತಂತಿ ಇಲ್ಲ. ಸುಮಾರು 200 ಮೈಲಿ ದೂರದ ಈ ಎರಡು ಊರುಗಳು ಅಟ್ಲಾಂಟಿಕ್ ಅಡಿಯ ಕೇಬಲ್ ಹಿಡಿದು ಲಂಡನ್ ಸುತ್ತಿ ಮಾತಾಡಿಕೊಂಡವು. ಕಡಲಡಿಯ ತಂತಿ ಸುರಕ್ಷಿತ, ಕಂಬದ ಮೇಲಿನದು ನೆಲದ ಪಾಲು. ನೋಡಿದವರಿಗೆ ಪಾಠ ಸ್ಪಷ್ಟವಾಗಿತ್ತು. ಹಾಗಾಗಿ ನ್ಯೂಯಾರ್ಕಿನ ತಂತಿಗಳು ನೆಲದಡಿಗೆ ಹೋಗಿದ್ದು, ಸುರಂಗ ರೈಲು ಬಂದದ್ದು ಈ ಬಿರುಗಾಳಿಯಿಂದ ಎಂದು ಎಲ್ಲ ಕಡೆ ಬರೆದಿರುತ್ತದೆ. ಪೂರ್ತಿ ನಿಜವಲ್ಲ. ತಂತಿಗಳನ್ನು ಹೂಳಬೇಕೆಂಬ ಕಾನೂನು 1884ರಲ್ಲೇ ಆಗಿತ್ತು, ಕಂಪನಿಗಳು ಕಾಲೆಳೆಯುತ್ತಿದ್ದವು. ಸುರಂಗ ರೈಲಿನ ಪ್ರಸ್ತಾವವನ್ನು ಮೇಯರ್ ಏಬ್ರಮ್ ಹ್ಯೂವಿಟ್ ಮುಂದಿಟ್ಟದ್ದು ಬಿರುಗಾಳಿಗೆ ಆರು ವಾರ ಮೊದಲು. ಕಂಬಗಳನ್ನು ನಿಜವಾಗಿ ಕಡಿಸಿದ್ದು ಮುಂದಿನ ಮೇಯರ್, 1889ರಲ್ಲಿ, ವಿದ್ಯುತ್ ತಂತಿ ತಗುಲಿ ಜನ ಬೀದಿಯಲ್ಲೇ ಸಾಯತೊಡಗಿದ ಮೇಲೆ. ಸುರಂಗ ರೈಲು ಓಡಿದ್ದು 1904ರಲ್ಲಿ. ಕಡತ ಮೊದಲೇ ಇತ್ತು, ಅದಕ್ಕೆ ಹೆಣಗಳು ಬೇಕಿದ್ದವು.

ನಮ್ಮಲ್ಲೂ ಹೀಗೆಯೇ ಅಲ್ಲವೆ? 1864ರ ಅಕ್ಟೋಬರಿನಲ್ಲಿ ಚಂಡಮಾರುತ ಕಲ್ಕತ್ತಾವನ್ನು ನುಂಗಿತು, ಆಮೇಲೆ ಬರಗಾಲಗಳು ಬಂದವು, ಆಮೇಲೆ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ 1880ರ ದಶಕದಲ್ಲಿ ಹಿಮಾಲಯದ ಮೇಲಿನ ಹಿಮ ನೋಡಿ ಮುಂಗಾರನ್ನು ಅಂದಾಜು ಮಾಡುತ್ತಿದ್ದ. ಹಿಮ ಹೆಚ್ಚಿದ್ದರೆ ಮಳೆ ಕಡಿಮೆ ಎಂಬುದು ಅವನ ಎಣಿಕೆ. ಧಾರವಾಡದ ರೈತನಿಗೂ ಹಿಮಕ್ಕೂ ಸಂಬಂಧ ಹಚ್ಚಿದ ಮೊದಲಿಗರಲ್ಲಿ ಅವನೊಬ್ಬ.

ಪದದ ಕತೆ ಬಾಕಿ ಇದೆ. ಬ್ಲಿಝರ್ಡ್ ಎಂದರೆ ಮೊದಲು ಹಿಮವೇ ಅಲ್ಲ. 19ನೇ ಶತಮಾನದ ಮೊದಲ ಭಾಗದ ಅಮೆರಿಕದಲ್ಲಿ ಅದು ಬಲವಾದ ಹೊಡೆತ, ಬಂದೂಕಿನ ಗುಂಡು, ಮಾತಿನ ಪೆಟ್ಟು. 1870ರಲ್ಲಿ ಅಯೋವಾದ ಎಸ್ತರ್‌ವಿಲ್ ಎಂಬ ಸಣ್ಣ ಊರಿನ ಪತ್ರಿಕೆ ಅದನ್ನು ಹಿಮದ ಬಿರುಗಾಳಿಗೆ ಬಳಸಿತು. ಬಹಳ ಕಾಲ ಅದು ಪಶ್ಚಿಮದ ಬಯಲುನಾಡಿನ ಪದವಾಗಿಯೇ ಇತ್ತು. 1888ರ ಜನವರಿ 12ರಂದು ಅದೇ ಬಯಲುಗಳಲ್ಲಿ, ನೆಬ್ರಾಸ್ಕಾ ಮತ್ತು ಡಕೋಟಾದಲ್ಲಿ, ಬೆಚ್ಚನೆಯ ಬೆಳಗನ್ನು ನಂಬಿ ತೆಳು ಬಟ್ಟೆಯಲ್ಲಿ ಶಾಲೆಗೆ ಹೋದ ಮಕ್ಕಳು ಮನೆಗೆ ಮರಳುವ ದಾರಿಯಲ್ಲಿ ಸತ್ತರು. ಎಲ್ಲ ಸೇರಿ ಸುಮಾರು 235 ಜೀವ. ಚಳಿ ಬರುತ್ತಿದೆ ಎಂದು ಸಾರುವ, ನಡುವೆ ಕಪ್ಪು ಚೌಕದ ಬಿಳಿ ಬಾವುಟ ತಂತಿ ತಲುಪುವ ಊರುಗಳಲ್ಲಿ ಮಾತ್ರ ಹಾರುತ್ತಿತ್ತು. ಹೊಲಗಳ ನಡುವಿನ ಒಂಟಿ ಶಾಲೆಗೆ ಅದು ಕಾಣುವುದು ಹೇಗೆ? ಎರಡು ತಿಂಗಳ ಬಳಿಕ ಅದೇ ಪದ ಪೂರ್ವದ ನಗರಗಳ ಬಾಯಿಗೂ ಬಂತು.

1890ರ ಕಾನೂನಿನಂತೆ ಹವಾಮಾನದ ಕೆಲಸ ಸೈನ್ಯದಿಂದ ಕೃಷಿ ಇಲಾಖೆಗೆ ಹೋಯಿತು. 1929ರಲ್ಲಿ, ಆ ಮಾರ್ಚನ್ನು ಕಂಡಿದ್ದ ಕೆಲವು ಮುದುಕರು ನ್ಯೂಯಾರ್ಕಿನಲ್ಲಿ ಒಂದು ಸಂಘ ಕಟ್ಟಿಕೊಂಡರು. ವರ್ಷಕ್ಕೊಮ್ಮೆ ಸೇರಿ ಊಟ ಮಾಡಿ, ಅವತ್ತು ತಾನು ಎಲ್ಲಿದ್ದೆ, ಹಿಮ ಎಷ್ಟೆತ್ತರ ಇತ್ತು ಎಂದು ಹೇಳಿಕೊಳ್ಳುವುದು ಅವರ ಕೆಲಸ. ಹಿಮ ವರ್ಷದಿಂದ ವರ್ಷಕ್ಕೆ ಎತ್ತರವಾಗುತ್ತ ಹೋಗಿರಬೇಕು ಎಂದು ನನ್ನ ಗುಮಾನಿ.

ನನ್ನ ಮಕ್ಕಳ ಪುಸ್ತಕದಲ್ಲಿ ಕೊನೆಗೆ ಹಿಮದ ಹೊಡೆತ ಎಂದು ಬರೆದೆ. ಸಂಪಾದಕರು ಅದನ್ನು ಹಿಮಪಾತ ಎಂದು ತಿದ್ದಿ ಅಚ್ಚಿಗೆ ಕಳಿಸಿದರು.