ಕೇಪು, ಮಸಿ ಮತ್ತು ಮಲೆನಾಡಿನ ಕೋವಿ

ಕೇಪಿನ ಕೋವಿಯೆಂದರೆ ಹಳೆಯ ಕಾಲದ ಉಳಿಕೆ, ತೋಟಾ ಕೋವಿ ಕೊಳ್ಳಲಾಗದವನ ಆಯುಧ ಎಂಬುದು ಸಾಮಾನ್ಯ ನಂಬಿಕೆ. ಶೃಂಗೇರಿ ಸೀಮೆಯ ಬೇಗಾರ್, ಕೊಪ್ಪ, ನರಸಿಂಹರಾಜಪುರದ ಕಡೆ ಅಡಿಕೆ ತೋಟದ ಮನೆಗಳಲ್ಲಿ ಅದು ಇಷ್ಟು ಕಾಲ ಉಳಿದದ್ದಕ್ಕೆ ಬಡತನವೊಂದೇ ಕಾರಣವಲ್ಲ ಎಂದು ನನಗನ್ನಿಸುತ್ತದೆ. ಕೋವಿಯ ಈಡಿನಲ್ಲಿ ಯಾವ ವಸ್ತುವನ್ನು ಊರಿನಲ್ಲೇ ಮಾಡಿಕೊಳ್ಳಬಹುದು, ಯಾವುದಕ್ಕೆ ಹೊರಗಿನವರ ಮುಂದೆ ಕೈಚಾಚಬೇಕು ಎಂದು ಕೇಳಿದರೆ ಇನ್ನೊಂದು ಚರಿತ್ರೆ ಕಾಣುತ್ತದೆ.

ಈಡಿಗೆ ಬೇಕಾದದ್ದು ನಾಲ್ಕು: ಮಸಿ, ಕತ್ತದ ನಾರು, ಚರೆ ಅಥವಾ ಗುಂಡು, ಕೊನೆಗೆ ಕೇಪು. ಮಸಿಯೆಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಮಿಶ್ರಣ. ಇದ್ದಿಲು ಊರಿನದೇ. ಪೆಟ್ಲುಪ್ಪನ್ನು ಮಣ್ಣಿನಿಂದ ತೆಗೆಯುವ ಕಸುಬು ನಮ್ಮ ದೇಶದಲ್ಲಿ ಹಳೆಯದು. ಮದ್ದಿನ ವಿದ್ಯೆ ಮಲೆನಾಡಿಗೆ ದೂರದ್ದೇನೂ ಆಗಿರಲಿಲ್ಲ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಟಿಪ್ಪು ಕಾಲದ್ದೆಂದು ಗುರುತಿಸಲಾದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಾಗ, ಅವುಗಳೊಳಗೆ ಮದ್ದು ಇನ್ನೂ ಉಳಿದಿತ್ತು. ಸೀಸ ಕರಗಿಸಿ ಗುಂಡು ಎರೆಯುವುದಕ್ಕೂ ಕಾರ್ಖಾನೆ ಬೇಕಿಲ್ಲ.

ಕೇಪಿನ ಕತೆಯೇ ಬೇರೆ. ಅದಕ್ಕೆ ಮೊದಲಿನ ಕೋವಿಗಳಲ್ಲಿ ಚಕಮಕಿ ಕಲ್ಲಿನ ಕಿಡಿಯೇ ಬೆಂಕಿ. ಕಿಣ್ಣಿಯಲ್ಲಿಟ್ಟ ಮಸಿ ಮೊದಲು ಭಗ್ಗೆಂದು ಉರಿದು, ಆಮೇಲೆ ಈಡು ಹಾರಬೇಕು. ಆ ಬೆಳಕಿಗೇ ಹಕ್ಕಿಗಳು ಎಚ್ಚೆತ್ತು ಹಾರಿಹೋಗುತ್ತವೆಂದು ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೊರ್ಸೈತ್, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕವನ್ನು ಬಳಸುವ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದ ಮುಂದೆ ತಾಮ್ರದ ಪುಟ್ಟ ಟೊಪ್ಪಿಗೆಯಂಥ ಕೇಪು ಹುಟ್ಟಿತು. ಒಳಗಿರುತ್ತಿದ್ದದ್ದು ಪಾದರಸದಿಂದ ತಯಾರಿಸಿದ ಸಿಡಿಮದ್ದು. ಆಗುಂಬೆಯ ನೆರೆಹೊರೆಯಲ್ಲಿ, ತಿಂಗಳುಗಟ್ಟಲೆ ಹೊಯ್ಯುವ ಮಳೆಯಲ್ಲಿ, ಚಕಮಕಿಯ ಕಿಡಿಗಿಂತ ಕೇಪು ಎಷ್ಟು ನಂಬುಗೆಯದೆಂದು ಬೇರೆ ಹೇಳಬೇಕಿಲ್ಲ. ಆದರೆ ಅದನ್ನು ಮನೆಯಂಗಳದಲ್ಲಿ ಮಾಡಲಾಗದು. ಕೋವಿ ಮಳೆಯಿಂದ ಬಿಡುಗಡೆ ಪಡೆದ ಗಳಿಗೆಯಲ್ಲೇ ಅಂಗಡಿಗೆ, ಅಂಗಡಿಯ ಮೂಲಕ ಸರ್ಕಾರಕ್ಕೆ ಕಟ್ಟುಬಿತ್ತು.

ತೋಟಾ ಕೋವಿ ಈ ಕಟ್ಟನ್ನು ಇನ್ನಷ್ಟು ಬಿಗಿ ಮಾಡಿತು. ಕೇಪು, ಮಸಿ, ಗುಂಡು ಎಲ್ಲವೂ ಒಂದೇ ಹಿತ್ತಾಳೆ ಕೊಳವೆಯೊಳಗೆ ಸೇರಿದವು. ಖಾಲಿ ತೋಟಾವನ್ನು ಮತ್ತೆ ತುಂಬಬಹುದೇ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸುವುದು ಅದರ ತಳದ ರಂಧ್ರ. ಇಂಗ್ಲೆಂಡಿನ ಬಾಕ್ಸರ್ ರೂಪಿಸಿದ ಬಗೆಯಲ್ಲಿ ನಡುವೆ ಒಂದೇ ರಂಧ್ರವಿರುವುದರಿಂದ ಸುಟ್ಟ ಕೇಪನ್ನು ಒಳಗಿನಿಂದ ಕಡ್ಡಿಯಲ್ಲಿ ತಳ್ಳಿ ತೆಗೆಯಬಹುದು. ಅಮೆರಿಕದ ಬರ್ಡನ್ ಬಗೆಯಲ್ಲಿ ನಡುವೆ ಗಟ್ಟಿ ಲೋಹದ ಮೊಳೆ, ಪಕ್ಕದಲ್ಲಿ ಸಾಮಾನ್ಯವಾಗಿ ಎರಡು ರಂಧ್ರ, ಕಡ್ಡಿಗೆ ದಾರಿಯಿಲ್ಲ. ವಿಚಿತ್ರವೆಂದರೆ ಬಾಕ್ಸರನದು ಅಮೆರಿಕದಲ್ಲಿ ನೆಲೆಸಿತು, ಬರ್ಡನನದು ಯುರೋಪಿನ ಸೇನೆಗಳಲ್ಲಿ. ಸೈನಿಕ ಖಾಲಿ ತೋಟಾವನ್ನು ಬಿಸಾಡುತ್ತಾನೆ, ಬೇಟೆಗಾರ ಹೆಕ್ಕಿ ಜೇಬಿಗಿಡುತ್ತಾನೆ.

ಮಸಿಯೂ ಬದಲಾಯಿತು. ಫ್ರಾನ್ಸಿನ ಪಾಲ್ ವಿಯೆ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ. ಕಪ್ಪು ಮಸಿಯನ್ನು ಕಣ್ಣಳತೆಯಲ್ಲಿ ಸುರಿದು ರೂಢಿಯಾದ ಕೈ ಹೊಸ ಮದ್ದನ್ನೂ ಹಾಗೇ ಸುರಿದರೆ ನಳಿಗೆಯೇ ಸಿಡಿಯಬಹುದು. ಯಾವ ತೋಟಾಕ್ಕೆ ಯಾವ ಕೇಪು, ಯಾವ ಮದ್ದು, ಎಷ್ಟು ತೂಕ ಎಂಬುದು ಅನುಭವದ ಮಾತಾಗಿ ಉಳಿಯದೆ ಕಾರ್ಖಾನೆಯ ಪಟ್ಟಿಯ ಮಾತಾಯಿತು. ತಲೆಮಾರುಗಳಿಂದ ಬಂದ ಕೈಹದ ಇಲ್ಲಿ ನಿರುಪಯೋಗಿ ಮಾತ್ರವಲ್ಲ, ಅಪಾಯಕಾರಿ.

ಯಾರ ಕೈಗೆ ಎಂಥ ಕೋವಿ ಎಂಬುದು 1857ರ ನಂತರ ರಾಜಕೀಯವೂ ಆಯಿತು. ಬ್ರಿಟಿಷರು ಭಾರತೀಯ ಸಿಪಾಯಿಗಳಿಗೆ ತಮ್ಮ ಸೈನಿಕರಿಗಿಂತ ಒಂದು ತಲೆಮಾರು ಹಿಂದಿನ ಕೋವಿಯನ್ನೇ ಕೊಟ್ಟರು. 1878ರ ಶಸ್ತ್ರಾಸ್ತ್ರ ಕಾಯ್ದೆ ಬ್ರಿಟಿಷ್ ಇಂಡಿಯಾದ ಭಾರತೀಯರಿಗೆ ಲೈಸೆನ್ಸ್ ಕಡ್ಡಾಯ ಮಾಡಿ ಯುರೋಪಿಯನ್ನರನ್ನು ಹೊರಗಿಟ್ಟಿತು. ನೆರೆಯ ಕೊಡಗಿಗೆ ಸಿಕ್ಕ ವಿನಾಯಿತಿ ಇಂದಿಗೂ ನಡೆದುಬಂದಿದೆ. ಮಲೆನಾಡಿನ ರೈತನಿಗೆ ಅಂಥ ವಿನಾಯಿತಿಯಿಲ್ಲ. ಸ್ವತಂತ್ರ ಭಾರತದ 1959ರ ಕಾಯ್ದೆ ಬೆಳೆ ರಕ್ಷಣೆಗೆಂದು ಹೆಸರಿಸಿದ್ದು ಬಾಯಿಂದ ಈಡು ತುಂಬುವ ಕೋವಿಯನ್ನೇ. ಹಳೆಯ ಕೋವಿ ಉಳಿದದ್ದಕ್ಕೆ ರೈತನ ಅಭ್ಯಾಸದಷ್ಟೇ ಕಾನೂನಿನ ಆಯ್ಕೆಯೂ ಕಾರಣ. ನಿಧಾನಕ್ಕೆ ತುಂಬಬೇಕಾದ, ಒಂದೇ ಈಡಿನ ಕೋವಿಯಿಂದ ಆಳುವವರಿಗೆ ಭಯವಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಬೇಟೆ ಅಪರಾಧವಾಯಿತು. ಆ ಕಾಯ್ದೆ ಬೇಕಿತ್ತು. ಮಲೆನಾಡಿನ ಶಿಕಾರಿಯ ನೆನಪುಗಳನ್ನು ಓದಿದ ಯಾರಿಗೂ ಅದು ಗೊತ್ತು. ಆದರೆ ಮಂಗ, ಹಂದಿಗಳ ಕಾಟ ಕಾಯ್ದೆಯಿಂದ ನಿಲ್ಲಲಿಲ್ಲ. ಚರೆ ಹಾಕದೆ ಬರೀ ಮಸಿ ತುಂಬಿ ಹಾರಿಸುವ ಬೆದರು ಈಡು ಉಳಿಯಿತು. ಚುನಾವಣೆ ಬಂದಾಗಲೆಲ್ಲ ಆ ಕೋವಿಯೂ ಪೊಲೀಸ್ ಠಾಣೆ ಸೇರಬೇಕು. ಫಸಲಿನ ಕಾಲ ಚುನಾವಣೆಗಾಗಿ ಕಾಯುವುದಿಲ್ಲ.

ನಮ್ಮ ಸಾಹಿತ್ಯದಲ್ಲಿ ಕೋವಿಯೆಂದರೆ ಶಿಕಾರಿಯ ಗತ್ತು, ಗೌಡಿಕೆಯ ಠೀವಿ. ಚರಿತ್ರೆ ಬರೆಯುವವರು ಲೈಸೆನ್ಸ್ ಪುಸ್ತಕದಲ್ಲಿ ಕೇಪು ಮತ್ತು ಮಸಿಗೆ ಹಾಕಿರುವ ಮಿತಿಯನ್ನೂ ಓದಬೇಕು. ತನ್ನ ಬೆಳೆ ಕಾಯುವವನನ್ನು ಸರ್ಕಾರ ಎಷ್ಟು ನಂಬಿತ್ತು ಎಂಬ ಲೆಕ್ಕ ಅಲ್ಲಿ ಅಂಕಿಗಳಲ್ಲೇ ಇದೆ.